ಎಡಕ್ಕೆ ತಿರುಗುವ ವಾಲ್ವು

ಮೇಲಿನ ಕೋಣೆ, ಕಿಟಕಿ ಪಕ್ಕದ ಮೇಜು
ಹದಿನಾಲ್ಕನೇ ತಾರೀಖು, ಮಂಗಳವಾರ, ಬೆಳಗ್ಗೆ

ಪ್ರೀತಿಯ ಮಗಳೇ,

ಮಂಡಿನೋವು ಹೇಗಿದೆಯಮ್ಮಾ? ಆಸ್ಪತ್ರೆಯ ಔಷಧಿ ಉಗ್ರಾಣದಲ್ಲಿ ದಿನಕ್ಕೆ ನಲವತ್ತು ಸಲ ಏಣಿ ಹತ್ತಿ ಇಳಿಯುವವಳಿಗೆ, ಅಷ್ಟು ಔಷಧಿಯ ನಡುವೆ ಮಂಡಿಗೆ ಹಚ್ಚುವ ಒಂದು ಮುಲಾಮು ಸಿಗಲಿಲ್ಲವೇ ಎಂದು ನಿನ್ನ ತಮ್ಮ ನಗುತ್ತಾನೆ. ಅವನ ತಮಾಷೆ ಹಾಗಿರಲಿ, ಏಣಿಯ ಕೆಲಸವನ್ನು ವಯಸ್ಸಿನ ಹುಡುಗಿ ಯಾರಿಗಾದರೂ ಒಪ್ಪಿಸು. ಅಳಿಯಂದಿರು ಹೇಗಿದ್ದಾರೆ? ಆಂಬುಲೆನ್ಸ್ ಓಡಿಸುವವರಿಗೆ ಹೊತ್ತಿಗೆ ಸರಿಯಾಗಿ ಊಟ ಮಾಡಿ ಎಂದರೆ ಅವರೇನು ಮಾಡಿಯಾರು, ಆದರೂ ಹೇಳಿದೆನೆಂದು ಹೇಳು. ನಾನು ಚೆನ್ನಾಗಿದ್ದೇನೆ. ಅಂದರೆ ಹಲ್ಲು, ಹೊಟ್ಟೆ, ಕಾಲು ಚೆನ್ನಾಗಿವೆ. ಬಲಗಿವಿ ಮಾತ್ರ ರಾಜೀನಾಮೆ ಕೊಟ್ಟಿದೆ. ಇದನ್ನು ನಿನ್ನಿಂದ ಒಂದೂವರೆ ವರ್ಷ ಮುಚ್ಚಿಟ್ಟಿದ್ದೆ. ಫೋನಿನಲ್ಲಿ ನಾನು ಹೂಂ ಹೂಂ ಎನ್ನುವುದರಲ್ಲಿ ಅರ್ಧ ಬರೀ ಅಂದಾಜು. ಅದಕ್ಕೇ ಈ ಕಾಗದ. ಅಲ್ಲದೆ ಕೆಲವು ಮಾತುಗಳನ್ನು ನೀನು ಆ ಕಡೆ ಉಸಿರಾಡುವುದು ಕೇಳಿಸುತ್ತಿರುವಾಗ ಹೇಳಲು ನನ್ನಿಂದ ಆಗುವುದಿಲ್ಲ.

ಇದು ನಾಲ್ಕನೇ ಹಾಳೆ. ಮೂರು ಹರಿದು ಹಾಕಿದೆ. ಬೆಳಗ್ಗೆಯಿಂದ ಅಂಗಾಲು ಸುಟ್ಟ ಬೆಕ್ಕಿನ ಹಾಗೆ ಮೇಲೆ ಕೆಳಗೆ ಓಡಾಡುತ್ತಿದ್ದೇನೆ. ಎರಡು ಸಾಲು ಬರೆಯುತ್ತೇನೆ, ನಲ್ಲಿ ತೊಟ್ಟಿಕ್ಕುತ್ತಿದೆಯೇನೋ ಎಂದು ಎದ್ದು ಹೋಗುತ್ತೇನೆ, ತೊಟ್ಟಿಕ್ಕುತ್ತಿರುವುದಿಲ್ಲ, ಮತ್ತೆ ಬಂದು ಕೂರುತ್ತೇನೆ. ಸೊಸೆ ಎರಡು ಸಲ ಚಹಾ ತಂದಿಟ್ಟು, ಎರಡು ಸಲವೂ ತಣ್ಣಗಾದದ್ದನ್ನು ಎತ್ತಿಕೊಂಡು ಹೋದಳು. ಮನೆಯ ಸುದ್ದಿ ಮೊದಲು ಬರೆದುಬಿಡುತ್ತೇನೆ. ಮಗುವಿಗೆ ಕೆಳಗಡೆ ಎರಡು ಹಲ್ಲು ಬಂದಿವೆ. ಈ ಮನೆಯಲ್ಲಿ ಅದು ಕಚ್ಚದ ವಸ್ತು ಯಾವುದೂ ಉಳಿದಿಲ್ಲ, ನನ್ನ ಕನ್ನಡಕದ ಕಡ್ಡಿಯೂ ಸೇರಿ. ನಿನ್ನ ತಮ್ಮನನ್ನು ಊರು ಸುತ್ತುವ ಬಸ್ಸಿನಿಂದ ದೂರದ ಬಸ್ಸಿಗೆ ಹಾಕಿದ್ದಾರೆ. ಮನೆಯಲ್ಲಿದ್ದಾಗ ಅವನಿಗೆ ನಿದ್ದೆ, ಎಚ್ಚರವಾದರೆ ಉಪದೇಶ. ಮೇಲಿನ ಕೋಣೆಗೆ ಸುಣ್ಣ ಬಳಿಸಿದ್ದೇವೆ. ಮೆಟ್ಟಿಲ ಗೋಡೆಗೆ ಬಳಿಸಿಲ್ಲ. ಯಾಕೆಂದು ಮುಂದೆ ಬರೆಯುತ್ತೇನೆ.

ಸುಂಡಿಲಿಯ ಪಾಲಿಟೆಕ್ನಿಕ್ ಅರ್ಜಿಯನ್ನು ನೀನು ಸಹಿ ಹಾಕದೆ ವಾಪಸು ಕಳಿಸಿದ್ದು ಶುಕ್ರವಾರ ಬಂತು. ನಾನಿಟ್ಟ ಅಡ್ಡಹೆಸರಿಗೆ ತಕ್ಕ ಹಾಗೆ ನಿನ್ನ ಮಗಳು ಲಕೋಟೆಯನ್ನು ನನಗಿಂತ ಮೊದಲು ಒಡೆದಳು, ಓದಿದಳು. ಮಾತಿಗೊಮ್ಮೆ ಯಾಕೆ ಎನ್ನುವ ಹುಡುಗಿ, ಅವತ್ತು ಯಾಕೆ ಎಂದು ಕೇಳಲೇ ಇಲ್ಲ. ಊಟಕ್ಕೆ ಕೂತು ತಟ್ಟೆಯಲ್ಲಿ ಬೆರಳಾಡಿಸಿ ಎದ್ದುಹೋದಳು. ನಿನ್ನ ಕಾಗದವನ್ನು ನಾನು ಎಷ್ಟು ಸಲ ಓದಿದ್ದೇನೆಂದರೆ ಬಾಯಿಗೆ ಬಂದುಬಿಟ್ಟಿದೆ. “ಶಾಲೆಗೇ ಮೊದಲು ಬಂದ ನನ್ನನ್ನು ಆ ಪಾಲಿಟೆಕ್ನಿಕ್‌ನೋರು ಬೇಡ ಅಂದ್ರು. ಪಟ್ಟೀಲಿ ನನ್ನ ಹೆಸರಿಲ್ಲ ಅಂತ ನೀವೇ ಹೋಗಿ ನೋಡ್ಕೊಂಡು ಬಂದ್ರಿ. ಅವತ್ತು ನಂಗಾಗಿದ್ದು ಇವಳಿಗೆ ಆಗೋದು ಬೇಡ ಅಪ್ಪಾ. ಪರೀಕ್ಷೆ ಮುಗೀತಲ್ಲ, ಕಳಿಸಿಬಿಡಿ, ಇಲ್ಲೇ ಉಗ್ರಾಣದಲ್ಲಿ ನನ್ ಜೊತೆ ಕೆಲಸ ಕಲೀತಾಳೆ.” ತಾಯಿಯಾಗಿ ನೀನು ಬರೆದದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಬೆಂದ ಕೈ ಬೆಂಕಿಗೆ ಹೆದರುತ್ತದೆ. ಆದರೆ ಮೂವತ್ತನೇ ತಾರೀಖು ಕೊನೆಯ ದಿನ. ತಂದೆ ಅಥವಾ ತಾಯಿಯ ಸಹಿಯೇ ಬೇಕಂತೆ. ತಾತನ ಸಹಿ ನಡೆಯುವುದಿಲ್ಲ ಎಂದು ಪಾಲಿಟೆಕ್ನಿಕ್‌ನ ಅರ್ಜಿ ಕಿಟಕಿಯಲ್ಲಿ ಕೂತವರು ಖಡಾಖಂಡಿತವಾಗಿ ಹೇಳಿದರು. ಹೌದು, ಹೋಗಿ ಕೇಳಿದೆ. ಅಳಿಯಂದಿರು ನಿನ್ನನ್ನು ಬಿಟ್ಟು ಸಹಿ ಹಾಕುವವರಲ್ಲ, ಹಾಕಿಸಿಕೊಳ್ಳುವುದು ನನಗೂ ಬೇಕಿಲ್ಲ.

ಎದ್ದು ಹೋಗಿ ಬಂದೆ. ನಲ್ಲಿ ಸರಿಯಾಗಿಯೇ ಇದೆ.

ಮೆಟ್ಟಿಲ ಗೋಡೆಯ ವಿಷಯ. ಎರಡು ತಿಂಗಳ ಹಿಂದೆ ನಿನ್ನ ಮಗಳು ಅಲಂಕಾರದ ಮೀನು ಮಾರುವ ಅಂಗಡಿಯಿಂದ ಒಂದು ಉದ್ದನೆಯ ತೆಳು ಪೈಪು ತಂದಳು, ಗಾಜಿನ ಹಾಗೆ ಒಳಗಿನದೆಲ್ಲ ಕಾಣುವಂಥದ್ದು. ಅದರ ಒಂದು ತುದಿಯನ್ನು ಕೆಳಗಿನ ನಲ್ಲಿಗೆ ಸಿಕ್ಕಿಸಿ ಬಿಗಿದು, ಇನ್ನೊಂದು ತುದಿಯನ್ನು ಮೆಟ್ಟಿಲ ಗೋಡೆಗುಂಟ ಮಾಳಿಗೆಯವರೆಗೆ ಎಳೆದು ಮೊಳೆ ಹೊಡೆದಳು. ನಲ್ಲಿ ತಿರುಗಿಸಿದರೆ ಪೈಪಿನೊಳಗೆ ನೀರು ತಾನಾಗಿ ಏರುತ್ತದೆ, ಬೀದಿಯ ಕೊಳವೆಯಲ್ಲಿ ಎಷ್ಟು ಒತ್ತಡವಿದೆಯೋ ಅಷ್ಟೆತ್ತರ ಏರಿ ನಿಲ್ಲುತ್ತದೆ. ದಿನಾ ಬೆಳಗ್ಗೆ ಏಳು ಗಂಟೆಗೆ, ಬೀದಿಯವರೆಲ್ಲ ನೀರು ಹಿಡಿಯುವ ಹೊತ್ತಿಗೆ, ಅದು ನಿಂತ ಕಡೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ತಾರೀಖು ಬರೆಯುತ್ತಾಳೆ. ಗೋಡೆ ಹಾಳಾಯಿತೆಂದು ನಾನೂ ಕೂಗಾಡಿದೆ. ಅವಳು ಶಾಂತವಾಗಿ, “ತಾತಾ, ನೀನು ಮೂವತ್ತಾರು ವರ್ಷ ಊರಿಗೆಲ್ಲ ನೀರು ಬಿಟ್ಟೆ, ನಮ್ಮನೆಗೆ ಎಷ್ಟು ಬರ್ತಿತ್ತು ಅಂತ ಒಂದು ದಿನಾನಾದ್ರೂ ಅಳೆದಿದ್ದೀಯಾ?” ಎಂದಳು. ಕೋಪ ಬಂದಾಗ ನೀನೂ ಹೀಗೇ ಮೆಲ್ಲಗೆ ಮಾತಾಡುತ್ತಿದ್ದೆ.

ಮೂರು ವಾರದ ಹಿಂದೆ ನಮ್ಮ ಬೀದಿಗೆ ನೀರು ಕಡಿಮೆಯಾಯಿತು. ಮೂಲೆಯ ಬೇಕರಿಯಮ್ಮ ದಿನಾ ಹೊಸ್ತಿಲಲ್ಲಿ ನಿಂತು, ಹಿಟ್ಟು ಕಲಸಲು ಕಣ್ಣೀರು ಹಾಕಬೇಕೇ ಎಂದು ಹೋಗುವವರಿಗೂ ಬರುವವರಿಗೂ ಕೇಳುತ್ತಿದ್ದಳು. ನೀರಿನ ಕಚೇರಿಯವರು ಬಂದರು. ಈಗಿನ ಮೇಸ್ತ್ರಿ ನನ್ನ ಕೊನೆಯ ವರ್ಷಗಳಲ್ಲಿ ಸೇರಿದವನು, ಗಡ್ಡದವನು. ಒಳ್ಳೆಯವನೇ, ಆದರೆ ಅವಸರ. ನೆಲದೊಳಗೆ ಎಲ್ಲೋ ಸೋರುತ್ತಿದೆ ಎಂದು ಮೂರು ಕಡೆ ಗುಂಡಿ ತೋಡಿಸಿದ. ಮೂರರಲ್ಲೂ ಒಣಮಣ್ಣು. ಕಳೆದ ಶನಿವಾರ ಮನೆಗೇ ಬಂದು, “ಯಜಮಾನ್ರೇ, ನಿಮ್ಮ ಕೋಲು ತಗೊಂಡು ಸ್ವಲ್ಪ ಬನ್ನಿ” ಎಂದ. ನಿನಗೆ ನೆನಪಿದೆಯಲ್ಲ, ಒಂದು ತುದಿ ನೆಲಕ್ಕೂರಿ ಇನ್ನೊಂದು ತುದಿ ಕಿವಿಗೆ ಹಚ್ಚಿ ಕೊಳವೆಯ ಸದ್ದು ಕೇಳುವ ನನ್ನ ಕೋಲು. ಯಂತ್ರಗಳು ಬಂದಿವೆ, ಆದರೂ ಊರಲ್ಲಿ ಇನ್ನೂ ನನ್ನ ಕೋಲಿಗೆ ಹೆಸರಿದೆ. ಹೋದೆ. ಹೆಸರು ಕರೆದಾಗ ಕಿವಿ ಇಲ್ಲವೆಂದು ಹೇಳಲು ಯಾವ ಮುದುಕನಿಗೆ ಮನಸ್ಸು ಬರುತ್ತದೆ? ಬಗ್ಗಿ, ಕೋಲು ಊರಿ, ಕಣ್ಣು ಮುಚ್ಚಿ, ತಲೆದೂಗಿದೆ. ಏನೂ ಕೇಳಿಸಲಿಲ್ಲ ಮಗಳೇ, ನನ್ನದೇ ರಕ್ತದ ಗುಂಯ್ ಗುಂಯ್ ಬಿಟ್ಟು. ಎಡಗಿವಿಗೆ ಹಚ್ಚಿದರೆ ನೋಡುವವರಿಗೆ ಅನುಮಾನ ಬರುತ್ತದಲ್ಲ, ಅದಕ್ಕೆ ಹಚ್ಚಲೂ ಇಲ್ಲ. ದರ್ಜಿ ಅಂಗಡಿಯ ಎದುರು ಬೆರಳು ತೋರಿಸಿ ಇಲ್ಲಿ ತೋಡಿ ಎಂದೆ. ಆಳುಗಳು ಬಿಸಿಲಲ್ಲಿ ಎದೆಯುದ್ದ ತೋಡಿದರು. ನಾಲ್ಕನೆಯದೂ ಒಣಮಣ್ಣು.

ಇನ್ನೂ ನಾಚಿಕೆಯ ಮಾತು ಹೇಳುತ್ತೇನೆ. ಮೂರು ಗುಂಡಿ ಒಣಗಿದ್ದವು ಎಂದು ಕೇಳಿದಾಗಲೇ ನನಗೆ ಒಂದು ಅನುಮಾನ ಬಂದಿತ್ತು. ದರ್ಜಿ ಅಂಗಡಿಯ ಪಕ್ಕದ ಕಬ್ಬಿಣದ ಮುಚ್ಚಳ, ಅದರ ಕೆಳಗಿನ ವಾಲ್ವು. ಆ ಮುಚ್ಚಳವನ್ನು ದಾಟಿಯೇ ನಾನು ಗುಂಡಿಯ ಜಾಗ ತೋರಿಸಿದ್ದು. ಕಾಲಿಗೆ ತಗಲಿತು. ಬಾಯಿ ಬಿಡಲಿಲ್ಲ.

ಬಾಯಿ ಬಿಟ್ಟವಳು ನನ್ನ ಹಿಂದೆಯೇ ಬಂದಿದ್ದ ಸುಂಡಿಲಿ. ಶಾಲೆಯ ಚೀಲದಿಂದ ಒಂದು ಹಳೆಯ ನೋಟ್‌ಪುಸ್ತಕ ತೆಗೆದಳು. ನಿನ್ನದು! ಅಟ್ಟದ ಪೆಟ್ಟಿಗೆಯಿಂದ ಯಾವಾಗ ಇಳಿಸಿಕೊಂಡಿದ್ದಳೋ. ನೀನು ಹದಿನೈದು ಹದಿನಾರರ ವಯಸ್ಸಿನಲ್ಲಿ ನನ್ನ ಹಿಂದೆ ತಿರುಗಿ ಊರಿನ ವಾಲ್ವುಗಳನ್ನೆಲ್ಲ ಬರೆದಿಟ್ಟಿದ್ದೆಯಲ್ಲ, ಯಾವ ಬೀದಿ, ಎಷ್ಟು ಸುತ್ತು, ಯಾವ ಮನೆಯ ಮುಂದೆ, ಅದೇ. ಅವಳು ಗಡ್ಡದ ಮೇಸ್ತ್ರಿಯ ಮುಂದೆ ನಿಂತು, “ಸೋರಿಕೆ ಆದ್ರೆ ದಿನಾ ಸ್ವಲ್ಪ ಸ್ವಲ್ಪ ಬೆಳೀಬೇಕು ಅಂಕಲ್. ನಮ್ಮನೆ ಗೋಡೇಲಿ ನೋಡಿ, ನೀರು ಒಂದೇ ದಿನ ಕೆಳಗೆ ಬಿದ್ದಿದೆ, ಆಮೇಲೆ ಅಲ್ಲೇ ನಿಂತಿದೆ. ಅವತ್ತು ಯಾರೋ ಏನೋ ತಿರುಗಿಸಿದ್ದಾರೆ” ಎಂದಳು. ತಾರೀಖು ಹೇಳಿದಳು. ಮೇಸ್ತ್ರಿ ಲೆಕ್ಕ ಹಾಕಿ ಬೆಪ್ಪಾದ. ಅದೇ ದಿನ ಅವನ ಕಡೆಯವರು ಪಕ್ಕದ ಬೀದಿಯ ಕೊಳವೆ ರಿಪೇರಿ ಮುಗಿಸಿ, ಸುತ್ತಮುತ್ತಲಿನ ವಾಲ್ವುಗಳನ್ನೆಲ್ಲ ಪೂರ್ತಿ ತೆರೆದು ಹೋಗಿದ್ದರು. ಎಲ್ಲ ವಾಲ್ವನ್ನೂ ತೆರೆಯುವುದು ಎಡಕ್ಕೆ, ಮುಚ್ಚುವುದು ಬಲಕ್ಕೆ. ದರ್ಜಿ ಅಂಗಡಿಯದು ಮಾತ್ರ ಉಲ್ಟಾ. ತೆರೆಯುತ್ತೇವೆಂದುಕೊಂಡು ಮುಚ್ಚಿದ್ದಾರೆ. ಹಳೆಯದು, ತಳದಲ್ಲಿ ಕಸ ಕೂತು ಪೂರ್ತಿ ಕೂರುವುದಿಲ್ಲ, ಆ ಸಂದಿಯಿಂದ ಬಂದ ನೀರನ್ನೇ ನಾವು ಮೂರು ವಾರ ಕುಡಿದದ್ದು. ನಿನ್ನ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬಾಣ ಬರೆದು, ಕೆಳಗೆ ‘ಇದು ಎಡಕ್ಕೆ ಮುಚ್ಚುತ್ತದೆ, ಅಪ್ಪನಿಗೆ ಹೇಳಬೇಕು’ ಎಂದು ಬರೆದಿದ್ದೀಯ.

ನೀನು ಹೇಳಿದ್ದೆ. ನಿನಗೂ ಮರೆತಿರುವುದಿಲ್ಲ. ಇಪ್ಪತ್ತನಾಲ್ಕು ವರ್ಷದ ಹಿಂದೆ ನಮ್ಮ ಬೀದಿಯ ಕೊಳವೆ ಒಡೆದ ದಿನ. ಆ ವಾಲ್ವನ್ನು ಅದಕ್ಕೆ ಮುಂಚೆ ವರ್ಷಗಟ್ಟಲೆ ಯಾರೂ ಮುಟ್ಟಿರಲಿಲ್ಲ. ನಾನು ಬಲಕ್ಕೆ ತಿರುಗಿಸುತ್ತಿದ್ದೇನೆ, ಅದು ಜಪ್ಪಯ್ಯ ಎಂದರೂ ಅಲುಗದು. ನನ್ನ ಊಟದ ಡಬ್ಬಿ ಹಿಡಿದು ಬಂದ ನೀನು ಗುಂಡಿಯೊಳಗೆ ಇಣುಕಿ, “ಅಪ್ಪಾ, ಇದು ಎಡಕ್ಕೆ. ಬಾಣದ ಗುರುತಿದೆ ನೋಡಿ, ನಾನು ಹೋದ ವಾರ ತುಕ್ಕು ಕೆರೆದು ನೋಡಿದೆ” ಎಂದೆ. ಆಳುಗಳು ನಕ್ಕರು. ನಕ್ಕದ್ದು ನಿನ್ನನ್ನು ನೋಡಿಯೋ ನನ್ನನ್ನು ನೋಡಿಯೋ ಇವತ್ತಿಗೂ ಗೊತ್ತಿಲ್ಲ. ನನಗೆ ಮಾತ್ರ ನನ್ನನ್ನೇ ಎಂದು ಅನ್ನಿಸಿತು. ವಾಲ್ವು ತಿರುಗಿಸುವ ಉದ್ದನೆಯ ಕೀಗೆ ಇನ್ನೊಂದು ಕಬ್ಬಿಣದ ಕೊಳವೆ ಸಿಕ್ಕಿಸಿ, ಇಬ್ಬರನ್ನು ಜೊತೆಗೆ ಹಾಕಿಕೊಂಡು, ಬಲಕ್ಕೇ ಎಳೆದೆ. ವಾಲ್ವಿನ ಒಳಗಂಬಿ ಲಟ್ಟೆಂದು ಮುರಿಯಿತು. ಊರಿನ ಅರ್ಧಕ್ಕೆ ಎರಡು ದಿನ ನೀರಿಲ್ಲ. ಇಂಜಿನಿಯರ್ ಸಾಹೇಬರು ಕೇಳಿದಾಗ ತುಕ್ಕು ಹಿಡಿದು ಮುರಿಯಿತು ಎಂದೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಹೊಸ ಕಂಬಿ ಹಾಕಿದರು, ಅದೂ ಎಡಕ್ಕೇ ಮುಚ್ಚುವುದು. ಅದನ್ನು ರಿಜಿಸ್ಟರಿನಲ್ಲಿ ಬರೆಯಬೇಕಾದವನು ನಾನು. ಬರೆದರೆ ಅವತ್ತು ಆದದ್ದು ತುಕ್ಕಲ್ಲ ಎಂದು ಗೊತ್ತಾಗುತ್ತದೆ. ಬರೆಯಲಿಲ್ಲ. ಕೆಲಸದಲ್ಲಿರುವವರೆಗೆ ಆ ವಾಲ್ವಿಗೆ ಬೇರೆಯವರನ್ನು ಕಳಿಸದೆ ನಾನೇ ಹೋಗುತ್ತಿದ್ದೆ. ನಿನ್ನ ಜೊತೆ ಒಂದು ವಾರ ಮಾತೂ ಬಿಟ್ಟೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆ ದಿನದ ವಿಷಯ ಇನ್ನೂ ಸ್ವಲ್ಪ ಇದೆ.

ಶನಿವಾರ ಆ ಹುಡುಗಿ ಅಲ್ಲಿ ನಿಂತು ಅದೇ ಮಾತು ಹೇಳಿದಾಗ ಆಳುಗಳು ನಕ್ಕರು. ಅದೇ ಜಾಗ, ಅದೇ ನಗು. ಮೇಸ್ತ್ರಿ ನನ್ನ ಮುಖ ನೋಡಿದ. ಅವಳು ನೋಡಲಿಲ್ಲ, ಪುಸ್ತಕವನ್ನೇ ನೋಡುತ್ತಿದ್ದಳು, ಆದರೆ ಕಿವಿ ಕೆಂಪಾಗಿತ್ತು. ಮೇಸ್ತ್ರಿಯ ಕೈಯಿಂದ ಕೀ ತೆಗೆದುಕೊಂಡು ಅವಳ ಕೈಗೆ ಕೊಟ್ಟೆ. ಅಷ್ಟೇ ನಾನು ಮಾಡಿದ್ದು. ಅವಳು ಕೀಯನ್ನು ಇಳಿಸಿ, ನಿನ್ನ ಹಾಗೇ ಬಾಯಿಬಿಟ್ಟು ಎಣಿಸುತ್ತಾ ಬಲಕ್ಕೆ ತಿರುಗಿಸಿದಳು. ಹದಿಮೂರು ಸುತ್ತು. ಹದಿಮೂರನೆಯದಕ್ಕೆ ಬೇಕರಿಯೊಳಗಿಂದ ಬೇಕರಿಯಮ್ಮನ ಕಿರುಚಾಟ ಕೇಳಿಸಿತು, ನಲ್ಲಿ ತೆರೆದಿಟ್ಟು ಮರೆತಿದ್ದಳಂತೆ, ಹಿಟ್ಟಿನ ಮೇಲೆಲ್ಲ ನೀರು. ಅದು ನನ್ನ ಕೆಟ್ಟ ಕಿವಿಗೂ ಕೇಳಿಸಿತು! ಮೇಸ್ತ್ರಿ ತಲೆ ಕೆರೆದುಕೊಂಡು, “ಇದು ರಿಜಿಸ್ಟರಲ್ಲಿ ಯಾಕಿಲ್ಲ?” ಎಂದ. ಬರೆಯದವನು ನಾನು ಎಂದು ಅವರೆಲ್ಲರ ಮುಂದೆ ಹೇಳಿದೆ. ಈ ಸಲ ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ನಿನ್ನೆ ಕಚೇರಿಗೆ ಹೋಗಿ ನನ್ನ ಕೈಯಿಂದಲೇ ಬರೆದು ಬಂದೆ: ಎಡಕ್ಕೆ ಮುಚ್ಚುತ್ತದೆ, ಹದಿಮೂರು ಸುತ್ತು, ಮೊದಲು ಕಂಡುಹಿಡಿದವಳು ನನ್ನ ಮಗಳು.

ಈಗ ಹೇಳು, ಇಂಥವಳನ್ನು ಮಾತ್ರೆ ಎಣಿಸಲು ಕಳಿಸಲೇ? ನಿನ್ನ ಕೆಲಸವನ್ನು ಕೀಳು ಮಾಡುತ್ತಿಲ್ಲ, ಸಿಟ್ಟು ಮಾಡಿಕೊಳ್ಳಬೇಡ. ನೀನು ಇಟ್ಟ ಉಗ್ರಾಣದಲ್ಲಿ ಕಣ್ಣುಮುಚ್ಚಿ ಕೈಯಿಟ್ಟರೂ ಬೇಕಾದ ಔಷಧಿಯೇ ಸಿಗುತ್ತದೆಂದು ಅಳಿಯಂದಿರು ಹೇಳುತ್ತಾರೆ. ಊರಿನ ವಾಲ್ವುಗಳನ್ನು ಬರೆದಿಟ್ಟ ತಲೆ ಅದು, ಅಲ್ಲಿ ಕೂತು ಅದನ್ನೇ ಮಾಡುತ್ತಿದೆ. ಇವಳಿಗೆ ಮಾತ್ರ ಅವಳಿಗೆ ಬೇಕಾದ ಜಾಗವೇ ಸಿಗಲಿ. ಮೊನ್ನೆ ನಾನೇ ಸ್ವಲ್ಪ ಹೆದರಿಸಿ ನೋಡಿದೆ. ಅಲ್ಲಿ ಹುಡುಗರೇ ಹೆಚ್ಚು, ಗಣಿತ ಕಷ್ಟ, ಮೈಯೆಲ್ಲ ಕೆಸರು ಎಂದೆ. ಅದಕ್ಕೆ ಅವಳು, “ಕೈ ಕೆಸರಾದರೆ ಬಾಯಿ ಮೊಸರು ಅಂತ ನೀನೇ ಹೇಳ್ತೀಯಲ್ಲ ತಾತಾ” ಎಂದು ನನ್ನ ಗಾದೆಯನ್ನು ನನಗೇ ತಿರುಗಿಸಿದಳು. ಗಣಿತಕ್ಕೆ ಮನೆಯಲ್ಲಿ ಸಹಾಯ ಬೇಕಾದರೆ ಅಮ್ಮನಿಗೆ ಫೋನ್ ಮಾಡುತ್ತಾಳಂತೆ. ನಿನ್ನ ನೋಟ್‌ಪುಸ್ತಕವನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಾಳೆ. ‘ಅಮ್ಮ ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಓದಲಿಲ್ಲ’ ಎಂದು ಒಂದೇ ಒಂದು ಸಲ ಕೇಳಿದಳು. ನಾನು ಕೆಮ್ಮಿ ಎದ್ದುಹೋದೆ.

ಅರ್ಜಿಯನ್ನು ಮತ್ತೆ ಇಟ್ಟಿದ್ದೇನೆ. ಸಹಿ ಹಾಕುವ ಜಾಗದಲ್ಲಿ ಅವಳು ಪೆನ್ಸಿಲಿನಿಂದ ಸಣ್ಣ ಗುರುತು ಮಾಡಿದ್ದಾಳೆ, ಅದು ಕೇಳಿಕೊಳ್ಳುವ ಅವಳ ರೀತಿ. ನಿನ್ನ ತಮ್ಮ, ಸೊಸೆ ನಿನ್ನನ್ನು ಕೇಳಿದ್ದಾರೆ. ಮಗು ಈ ಹಾಳೆಯ ಮೂಲೆ ಕಚ್ಚಿದೆ, ಅದನ್ನೇ ಅದರ ನಮಸ್ಕಾರ ಎಂದುಕೊ. ಅಳಿಯಂದಿರಿಗೆ ನನ್ನ ಪ್ರೀತಿ ಹೇಳು. ನಿನ್ನ ಮಂಡಿಗೆ ಬೇಗ ಗುಣವಾಗಲಿ, ನಿನ್ನ ಮನಸ್ಸಿಗೆ ಒಳ್ಳೆಯದು ತೋಚಲಿ. ನಾನು ಹರಸುವುದಕ್ಕೆ ಅರ್ಹನೋ ಅಲ್ಲವೋ, ಹರಸುತ್ತೇನೆ.

ಇಂತಿ ನಿನ್ನ
ಅಪ್ಪ

ತಾ.ಕ. — ಸುಂಡಿಲಿ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾಳೆ, ಹನ್ನೊಂದಕ್ಕೆ ಅಂಚೆ ಡಬ್ಬಿಯ ಕಾಗದ ತೆಗೆಯುತ್ತಾರಂತೆ, ಬೇಗ ಬೇಗ ಎನ್ನುತ್ತಿದ್ದಾಳೆ. ಹರಿದ ಮೂರು ಹಾಳೆಯಲ್ಲಿ ಇದ್ದದ್ದು ಇದೇ. ಈ ಲಕೋಟೆಯೊಳಗೆ ಇನ್ನೊಂದು ಹಳೆಯ ಲಕೋಟೆ ಇದೆ, ಅಂಚೆಚೀಟಿ ಹಚ್ಚಿದ್ದು, ಮುದ್ರೆ ಬೀಳದ್ದು. ವಿಳಾಸ ನಿನ್ನ ಅಕ್ಷರದ್ದು. ಆ ದಿನ ಊಟದ ಡಬ್ಬಿಯ ಜೊತೆ ನೀನು ಕೊಟ್ಟ ಅರ್ಜಿ ಅದು, “ಬರ್ತಾ ದಾರೀಲಿ ಅಂಚೆ ಡಬ್ಬಿಗೆ ಹಾಕಿ ಅಪ್ಪಾ” ಎಂದಿದ್ದೆ. ವಾಲ್ವು ಮುರಿದಾಗ ನನ್ನ ಅಂಗಿಯ ಜೇಬಿನಲ್ಲಿತ್ತು, ಒದ್ದೆಯಾಯಿತು. ಒದ್ದೆಯಾಯಿತೆಂಬುದು ನೆಪ, ನೀನು ಬರೆದ ಒಂದಕ್ಷರವೂ ಅಳಿಸಿರಲಿಲ್ಲ. ಅಂಚೆ ಡಬ್ಬಿಯ ಮುಂದೆಯೇ ನಡೆದು ಬಂದೆ, ಹಾಕಲಿಲ್ಲ. ಮಗಳು ನನ್ನನ್ನು ನಾಲ್ಕು ಜನರ ಮುಂದೆ ತಿದ್ದಿದಳಲ್ಲ ಎಂಬ ಉರಿ. ನಾಳೆ ಹಾಕೋಣ ಎಂದುಕೊಂಡೆ, ನಾಳೆ ಕೊನೆಯ ದಿನ ದಾಟಿತು. ಪಟ್ಟಿ ನೋಡಲು ಹೋದದ್ದು ನಿಜ. ಹೆಸರಿರಲಿಲ್ಲ, ಹೇಗಿದ್ದೀತು? ನಿನ್ನನ್ನು ಬೇಡ ಎಂದವರು ಆ ಪಾಲಿಟೆಕ್ನಿಕ್‌ನವರಲ್ಲ ಮಗಳೇ. ಅವರಿಗೆ ನೀನು ಗೊತ್ತೇ ಇರಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು, ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಒಂದೇ ಮಾತು: ನನ್ನ ಮೇಲಿನ ಸಿಟ್ಟನ್ನು ಅವಳ ಅರ್ಜಿಯ ಮೇಲೆ ತೀರಿಸಬೇಡ, ನಾನು ಮಾಡಿದ್ದು ಅದನ್ನೇ. ಅವಳಿಗೆ ಇದು ಗೊತ್ತಿಲ್ಲ, ಹೇಳುವುದು ಬಿಡುವುದು ನಿನಗೆ ಸೇರಿದ್ದು. ಅಂಟು ಹಚ್ಚಿ ಕಾಗದವನ್ನು ಅವಳ ಕೈಗೇ ಕೊಡುತ್ತಿದ್ದೇನೆ. ನನ್ನ ಜೇಬಿನಲ್ಲಿ ಇಟ್ಟುಕೊಳ್ಳುವುದಿಲ್ಲ.